ಉರುಲು ಬಿಚ್ಚಿಸಿದ ವಾದ

ಹಂದಿ ಸಾಯುವಾಗ ಹೆಚ್ಚುಕಡಿಮೆ ಮನುಷ್ಯರ ಹಾಗೆಯೇ ಚೀರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನನಗೆ ಹೊಲ ಎಂದರೆ ಗಾಳಿ, ಹಕ್ಕಿ, ಕುಸುಬಿಯ ಹಳದಿ ಹೂವು. ತಿಂಗಳಿಗೆ ಎರಡು ಸಲವಾದರೂ ಜಹೀರಾಬಾದಿನ ಬಸ್ಸು ಹತ್ತಿ, ಅಲ್ಲಿಂದ ಜೀಪಿನಲ್ಲಿ ನೇತಾಡಿಕೊಂಡು, ರಾಯಿಕೋಡ್ ಕಡೆ ಇರುವ ಸೋದರಮಾವನ ಹೊಲಕ್ಕೆ ಓಡಿಹೋಗುತ್ತಿದ್ದೆ. ತೆಲಂಗಾಣ ಚಳವಳಿಗೆ ಬೆಂಕಿ ಹತ್ತಿದ ಚಳಿಗಾಲ ಅದು. ನಮ್ಮ ಕಾಲೇಜಿನ ಗೇಟಿನಲ್ಲಿ ವಾರಕ್ಕೆ ಮೂರು ದಿನ ಕಲ್ಲು, ಲಾಠಿ, ಅಶ್ರುವಾಯು. ನನ್ನ ಪಕ್ಕದ ಬೆಂಚಿನವಳ ಹಲ್ಲು ಮುರಿದದ್ದು ನನ್ನ ಕಣ್ಣೆದುರಿಗೇ. ಹಿಂಸೆ ಇರುವುದು ಸಿಟಿಯಲ್ಲಿ, ಶಾಂತಿ ಇರುವುದು ಹೊಲದಲ್ಲಿ ಎಂದು ನಾನು ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಕಪ್ ಕೂಡ ಗೆದ್ದಿದ್ದೆ. ಎದುರಾಳಿಗಳಿಗೆ ಹೊಲ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಎಳ್ಳ ಅಮಾಸಿಯ ಹಿಂದಿನ ದಿನ ಮಧ್ಯಾಹ್ನ ಹೊಲಕ್ಕೆ ಹೋದಾಗ ಆ ಚೀರಾಟ ಕೇಳಿಸಿತು. ಕಡಲೆಯ ಬದುವಿನಲ್ಲಿ ಒಂದು ಎಳೆ ಕಾಡುಹಂದಿ ಉರುಲಿಗೆ ಬಿದ್ದಿತ್ತು. ಮೋಟರ್ ಸೈಕಲ್ಲಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಗೂಟಕ್ಕೆ ಕಟ್ಟಿದ ಉರುಲು. ಹೊಲದಲ್ಲಿ ಅಂಥವು ಒಂಬತ್ತು. ಜಗ್ಗಿ ಜಗ್ಗಿ ಹಿಂಗಾಲಿನ ಚರ್ಮ ಕಾಲ್ಚೀಲದ ಹಾಗೆ ಕೆಳಗೆ ಜಾರಿತ್ತು. ಮಾವ ಬಿದಿರಿನ ಬಡಿಗೆ ಎತ್ತಿ ತಲೆಗೆ ಹೊಡೆದರು. ಅದು ಬಿದ್ದು ಎದ್ದಿತು. ಮತ್ತೆ ಹೊಡೆದರು. ಏಳನೇ ಏಟಿಗೆ ಸುಮ್ಮನಾಯಿತು. ನಾನು ಎಣಿಸುತ್ತಿದ್ದೆ. ಬೇರೇನು ಮಾಡಬೇಕೆಂದು ತಿಳಿಯದವರು ಎಣಿಸುತ್ತಾರೆ.

"ಬಂದಳ್ರಿ ನಮ್ಮ ವಕೀಲ ಸೊಸಿ" ಎಂದರು ಮಾವ, ಬೆವರು ಒರೆಸಿಕೊಳ್ಳುತ್ತ. "ಮಾರಿ ಯಾಕ ಹಂಗ ಮಾಡಿ? ಉಪ್ಪಿಟ್ಟು ಸೀದದೇನು?"

"ಇದು ಕೊಲೆ ಅದ ಮಾಮಾ."

"ಹೌದು. ನಾಕು ತಿಂಗಳ ಬೆಳಿ ಒಂದು ರಾತ್ರ್ಯಾಗ ಮಗ್ಗಲಾಗಿ ಬೀಳ್ತದಲ್ಲ, ಅದಕ್ಕೇನಂತಾರ ನಿನ್ನ ಕಾಲೇಜಿನ್ಯಾಗ?"

ಅತ್ತೆ ಮೂರು ಕಲ್ಲಿಟ್ಟು ಚಹಾ ಕುದಿಸುತ್ತಿದ್ದರು. ನಾನು ಬೇಲಿಯ ಮಾತೆತ್ತಿದೆ. ಹಂದಿ ಬೇಲಿಯ ಬುಡ ಅಗೆದು ಒಳಗೆ ಬರುತ್ತದೆ ಎಂದರು ಮಾವ. ಕಾನೂನಿನ ಮಾತೆತ್ತಿದೆ. "ಹಂದಿಗಿ ಓದಾಕ ಬರ್ತದೇನು ನಿನ್ನ ಕಾನೂನು?" ಎಂದರು. ಅತ್ತೆ ಫಕ್ಕನೆ ನಕ್ಕರು. ನಾನು ಎರಡು ಸುತ್ತು ಸೋತಿದ್ದೆ, ಮತ್ತು ಸೋಲುವುದು ನನಗೆ ಆಗಿಬರುವುದಿಲ್ಲ.

ಚರ್ಚೆಯಲ್ಲಿ ನಮಗೆ ಕಲಿಸಿದ್ದ ಪಟ್ಟು ಒಂದಿದೆ: ಎದುರಿನವನನ್ನು ನಿನ್ನ ನಂಬಿಕೆಯಿಂದ ಹೊಡೆಯಬೇಡ, ಅವನದೇ ನಂಬಿಕೆಯಿಂದ ಹೊಡೆ.

ಎಳ್ಳ ಅಮಾಸಿಗೆ ನಮ್ಮ ಕಡೆ ಭೂಮಿ ಬಸುರಿ ಎನ್ನುತ್ತಾರೆ. ಜೋಳ ಹೊಡೆಬಿಚ್ಚಿ ತೆನೆ ಹೊರಬರುವ ಹೊತ್ತು. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲು ತೊಳೆದು ಸುಣ್ಣ ಹಚ್ಚಿ, ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮಾಡುತ್ತಾರೆ. ಆಮೇಲೆ ಬಸುರಿಯ ಬಯಕೆಗೆಂದು ಅಂಬಲಿ, ಕಾಳು-ಸೊಪ್ಪಿನ ಭಜ್ಜಿ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎಂದು ಹೆಸರು. ಮಾವನ ಮನೆತನದಲ್ಲಿ ಇನ್ನೊಂದು ಕಟ್ಟುನಿಟ್ಟು: ಅವತ್ತು ಹೊಲದೊಳಗೆ ಕಬ್ಬಿಣ ಒಯ್ಯುವಂತಿಲ್ಲ. ಕುಡಗೋಲಿಲ್ಲ, ಕೊಡಲಿಯಿಲ್ಲ.

"ಮಾಮಾ, ನಾಳಿ ಭೂಮ್ತಾಯಿ ಉಡಿ ತುಂಬವರು ನೀವೇ ಅಲ್ಲ?"

"ಹೂಂ."

"ಕುಡಗೋಲು ತರಂಗಿಲ್ಲ. ಯಾಕಂದ್ರ ಬಸುರಿ ಮೈ. ಹೌದಿಲ್ಲೋ?"

"ಹೌದವ್ವ."

"ಮತ್ತ ಆ ಬಸುರಿ ಹೊಟ್ಟಿ ಮ್ಯಾಲ ಒಂಬತ್ತು ಕಬ್ಬಿಣದ ಉರುಲು ಬಿಟ್ಟು ಉಡಿ ತುಂಬ್ತೀರೇನು?"

ಮಾವ ಚಹಾದ ಬಟ್ಟಲು ಕೆಳಗಿಟ್ಟರು. ಅತ್ತೆಯ ನಗು ನಿಂತಿತು. "ಅಯ್ಯ, ಪೋರಿ ಖರೇನೇ ಹೇಳ್ತದ" ಎಂದರು. ಮಾವ ಎದ್ದು ಹೋಗಿ, ಹೊತ್ತು ಮುಳುಗುವುದರೊಳಗೆ ಒಂಬತ್ತೂ ಉರುಲು ಬಿಚ್ಚಿ ತಂದು ಹೊಲದಾಚೆಯ ಬೇವಿನ ಕೊಂಬೆಗೆ ತೂಗುಹಾಕಿದರು.

ನಾನು ಆ ಮಾತಿನಲ್ಲಿ ಒಂದಕ್ಷರವನ್ನೂ ನಂಬಿರಲಿಲ್ಲ. ಮಣ್ಣು ಬಸುರಿಯಾಗುವುದಿಲ್ಲ. ಆದರೆ ಗೆದ್ದಿದ್ದೆ.

ಮರುದಿನ ಬಂದ್. ನಾರಾಯಣಖೇಡದಿಂದ ತಾಂಡೂರಿನ ತನಕ ರಸ್ತೆಯೆಲ್ಲ ಬಂದ್ ಎಂದು ಸುದ್ದಿ. ನಮಗೇನು? ಹೊಲದಲ್ಲಿ ಬಿಸಿಲು, ಸಜ್ಜೆಯ ಕಡಬು, ಬೆಣ್ಣೆ. ನಾನು ಬೆನ್ನು ಚೆಲ್ಲಿ ಮಲಗಿ ಆಕಾಶ ನೋಡುತ್ತಿದ್ದೆ. ಮಾವ ಬಿಳಿ ಧೋತರ ಉಟ್ಟು, ಚರಗದ ಗಡಿಗೆ ಹಿಡಿದು, ಆಳೆತ್ತರದ ಜೋಳದೊಳಗೆ ನಡೆದರು. "ಹುಲಿಗ್ಯೋ! ಹುಲಿಗ್ಯೋ!" ಎನ್ನುವ ಅವರ ಚರಗದ ಕೂಗು ದೂರವಾಗುತ್ತ ಹೋಯಿತು. ನಾನು ಅದನ್ನು ಅಣಕಿಸಿದೆ. ಅತ್ತೆ ನನ್ನ ತೊಡೆಗೆ ಚಿವುಟಿದರು.

ಕೂಗು ನಡುವೆಯೇ ನಿಂತಿತು.

ಗಡಿಗೆ ಒಡೆದ ಸದ್ದು. ಆಮೇಲೆ ಹಿಂದಿನ ದಿನ ಕೇಳಿದ್ದ ಅದೇ ಚೀರು. ಆದರೆ ಈ ಸಲ ಹಂದಿಯದಲ್ಲ.

ಅತ್ತೆ ಓಡಿದರು. ಹಿಂದೆ ನಾನು. ದಂಟುಗಳು ಮುಖಕ್ಕೆ ಬಡಿಯುತ್ತಿದ್ದವು. ಮಾವ ಮಗ್ಗುಲಾಗಿ ಬಿದ್ದಿದ್ದರು. ಬಲತೊಡೆ ಮೊಣಕಾಲಿನಿಂದ ಮೇಲಕ್ಕೆ ಸೀಳಿತ್ತು, ಒಳಗಿನ ಮಾಂಸ ಹೊರಗೆ ಮಗುಚಿಕೊಂಡಿತ್ತು. ಅಂಬಲಿ, ರಕ್ತ, ಮಣ್ಣು ಒಂದೇ ಕೆಸರಾಗಿದ್ದವು. ಹತ್ತು ಹೆಜ್ಜೆ ಆಚೆ ಹಂದಿ ನಿಂತಿತ್ತು. ಎಳೆಯದಲ್ಲ. ಕೋರೆ ಮೂಡಿದ ಗಂಡು, ಬೆನ್ನಿನ ಕೂದಲು ನಿಮಿರಿಸಿಕೊಂಡು. ಅದು ಮತ್ತೆ ನುಗ್ಗಿತು. ಅತ್ತೆಯ ಕೈಯಲ್ಲಿ ಕೊಡಲಿ ಇರಬೇಕಿತ್ತು. ಇದ್ದದ್ದು ಹಿತ್ತಾಳೆಯ ಸೌಟು. ಅದನ್ನೇ ಬೀಸಿ ಹಂದಿಯ ಮೂತಿಗೆ ಹೊಡೆದರು, ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದರು. ಹಂದಿ ತಿರುಗಿ, ದಂಟು ಮುರಿಯುತ್ತ ಹೋಯಿತು.

ನಾನು ನಿಂತೇ ಇದ್ದೆ. ಅತ್ತೆ ತಮ್ಮ ಸೀರೆಯ ಸೆರಗು ಹರಿದು ತೊಡೆಗೆ ಬಿಗಿದರು. "ನೋಡ್ತಾ ನಿಂತಿದ್ದೇನ? ಜೀಪಿನವನಿಗಿ ಕರಿ!"

ಬೀದರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮರ ಕಡಿದು ಕೆಡವಿದ್ದಾರೆಂದು ಜೀಪಿನವನು ಹೇಳಿದ, ಹಾಗಾಗಿ ಜಹೀರಾಬಾದಿನ ಕಡೆಗೇ ಹೊರಟೆವು. ಅರ್ಧ ದಾರಿಯಲ್ಲಿ ದೊಡ್ಡ ಹುಣಸೆಮರ ರಸ್ತೆಗೆ ಅಡ್ಡ ಬಿದ್ದಿತ್ತು. ಅದರ ನೆರಳಿಗೆಂದೇ ನಾನು ಎಷ್ಟೋ ಸಲ ಜೀಪು ನಿಲ್ಲಿಸಿದ್ದೆ. ಕಡಿದ ಬುಡ ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಟೈರು ಉರಿಯುತ್ತಿತ್ತು. ಇಪ್ಪತ್ತು ಮೂವತ್ತು ಹುಡುಗರು, ಕೈಯಲ್ಲಿ ಕೋಲು.

ನಾನು ಇಳಿದೆ. ಇದು ನನ್ನ ಕ್ಷೇತ್ರ ಅಂದುಕೊಂಡೆ.

"ಆಸ್ಪತ್ರಿಗಿ ಹೋಗೋರಿಗಿ ತಡೆಯೋ ಹಕ್ಕು ನಿಮಗಿಲ್ಲ. ಒಂದು..."

"ಮುಂಜಾನಿಂದ ಎಲ್ಲಾರೂ ಆಸ್ಪತ್ರಿಗೇ ಹೊಂಟಾರ" ಎಂದ ಹಸಿರು ಅಂಗಿಯವನೊಬ್ಬ. "ಊರಾಗ ಜಡ್ಡಿಲ್ಲದವ್ರು ಯಾರೂ ಉಳಿದಿಲ್ಲ ಕಾಣ್ತದ!" ಎಲ್ಲರೂ ನಕ್ಕರು.

ನಾನು ಎರಡನೆಯ ಅಂಶಕ್ಕೆ ಹೋದೆ, ಮೂರನೆಯದಕ್ಕೂ ಹೋದೆ. ಅವನು ಉತ್ತರ ಕೊಟ್ಟ, ನಾನು ಅದನ್ನು ಕತ್ತರಿಸಿದೆ. ಅವನ ಗೆಳೆಯರೇ "ಹೋಯ್" ಎಂದು ಅವನನ್ನು ಗೇಲಿ ಮಾಡಿದರು. ಗೆಲ್ಲುತ್ತಿದ್ದೇನೆ ಎನ್ನಿಸಿ ಕೊನೆಯ ಏಟು ಕೊಟ್ಟೆ: "ನಿಮ್ಮ ರಾಜ್ಯ ಬಂದ್ರ ಈ ಹುಣಸಿಮರ ಎದ್ದು ನಿಲ್ತದೇನು?"

ಕಲ್ಲು ಎಲ್ಲಿಂದ ಬಂತೋ ಕಾಣಲಿಲ್ಲ. ಜೀಪಿನ ಮುಂದಿನ ಗಾಜು ಪುಡಿಯಾಯಿತು. ಒಂದು ಚೂರು ನನ್ನ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯುತ್ತಿರುವಾಗ ನಾನು ಇನ್ನೂ ವಾಕ್ಯ ಮುಗಿಸುತ್ತಿದ್ದೆ.

ಅತ್ತೆ ಹಿಂದಿನಿಂದ ಇಳಿದರು. ಹಸಿರು ಅಂಗಿಯವನ ಮಣಿಕಟ್ಟು ಹಿಡಿದು ಎಳೆದು ತಂದು, ಅವನ ಅಂಗೈಯನ್ನು ಮಾವನ ತೊಡೆಯ ಮೇಲೆ ಒತ್ತಿದರು. ಸೀರೆಯ ತುಂಡು ಹಿಂಡಿದ ಹಾಗೆ ಅವನ ಬೆರಳ ಸಂದಿಯಿಂದ ರಕ್ತ ಬಂತು.

"ಬಿಸಿ ಅದನೋ ಇಲ್ಲೋ, ಹೇಳಪ್ಪ."

ಅವನು ತನ್ನ ಕೈ ನೋಡಿಕೊಂಡ. ಆಮೇಲೆ ಅವನು ಹಾಕಿದ ಕೂಗಿಗೆ ಎಂಟು ಜನ ಬಂದರು. ಕಂಬಳಿಯಲ್ಲಿ ಮಾವನನ್ನು ಎತ್ತಿ, ಮರದ ಮೇಲೆ ಹತ್ತಿ ಇಳಿದು, ಆಚೆ ನಿಂತಿದ್ದ ತಮ್ಮದೇ ಜೀಪಿನಲ್ಲಿ ಮಲಗಿಸಿದರು. ಜಹೀರಾಬಾದಿನ ತನಕ ಮುಂದಿನ ತಡೆಗಳು ತೆರೆಯಲೆಂದು ಅವರು "ಜೈ ತೆಲಂಗಾಣ" ಕೂಗುತ್ತಲೇ ಇದ್ದರು. ಅತ್ತೆಯೂ ಕೂಗಿದರು. ನಾನು ಹುಬ್ಬು ಒತ್ತಿಕೊಂಡು ಕೂತಿದ್ದೆ.

ಮಾವ ಉಳಿದರು. ಕಾಲು ಉಳಿಯಿತು ಎನ್ನಬಹುದು. ಮಡಚಲು ಬರುವುದಿಲ್ಲ, ಎಳೆದುಕೊಂಡು ನಡೆಯುತ್ತಾರೆ. ಇಷ್ಟು ರಕ್ತ ಹೇಗೆ ಹೋಯಿತು, ಯಾಕೆ ತಡವಾಯಿತು ಎಂದು ಡಾಕ್ಟರು ಕೇಳಿದಾಗ ಅತ್ತೆ "ಮರ ಬಿದ್ದಿತ್ರಿ" ಎಂದರು. ನಾನು ವಾದದಲ್ಲಿ ಕಳೆದ ನಿಮಿಷಗಳನ್ನು ಅವರು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಒಂದು ವರ್ಷ ನಾನು ಆ ಕಡೆ ಹೋಗಲಿಲ್ಲ. ಮುಂದಿನ ಎಳ್ಳ ಅಮಾಸಿಗೆ ಹೋದೆ. ರಾಜ್ಯ ಇನ್ನೂ ಬಂದಿರಲಿಲ್ಲ, ಬಂದ್ ಮಾತ್ರ ಬರುತ್ತಿದ್ದವು. ಹಬ್ಬದ ಹಿಂದಿನ ದಿನ ಸಂಜೆ ನಾನು ಹೊಲ ಮುಟ್ಟಿದಾಗ ಮಾವ ಕುಂಟುತ್ತ, ಒಂದೊಂದೇ ಗೂಟದ ಹತ್ತಿರ ಕಷ್ಟಪಟ್ಟು ಬಗ್ಗಿ, ಉರುಲು ಬಿಚ್ಚುತ್ತಿದ್ದರು.

"ಬ್ಯಾಡ ಮಾಮಾ!" ಎಂದೆ. "ಅವತ್ತು ನಾ ಸುಮ್ನ ಗೆಲ್ಲಾಕ ಹೇಳಿದ್ದು. ನಾ ಅದನ್ನ ನಂಬಂಗೇ ಇಲ್ಲ."

"ಗೊತ್ತದ."

"ಗೊತ್ತಿದ್ದೂ ಬಿಚ್ಚಿದ್ರೇನು?"

"ನೀ ನಂಬು, ಬಿಡು. ಮಾತು ಖರೇ ಅದನೋ ಇಲ್ಲೋ? ಬಸುರಿ ಮೈಯಾಗ ಕಬ್ಬಿಣ ಇರಬಾರದು. ಇಷ್ಟು ವರ್ಷ ನನಗೇ ಹೊಳ್ದಿರಲಿಲ್ಲ."

ಒಂದು ತಾಸು ವಾದಿಸಿದೆ. ನನ್ನದೇ ವಾದ ನನ್ನ ಎದುರು ನಿಂತಿತ್ತು, ಅದರಲ್ಲಿ ಸಂದು ಸಿಗಲಿಲ್ಲ. ಸೋತೆ.

ಮರುದಿನ ಮಾವ ಗಡಿಗೆ ಎತ್ತಿಕೊಂಡಾಗ ನಾನು ಬಿದಿರಿನ ಬಡಿಗೆ ತೆಗೆದುಕೊಂಡೆ. ಹಂದಿಯ ತಲೆ ಒಡೆದ ಅದೇ ಬಡಿಗೆ, ತುದಿ ಕಪ್ಪಾಗಿತ್ತು. ಕಬ್ಬಿಣವಲ್ಲ, ನಡೆಯುತ್ತದೆ. ಅವರಿಗಿಂತ ಹತ್ತು ಹೆಜ್ಜೆ ಮುಂದೆ ಜೋಳದೊಳಗೆ ನುಗ್ಗಿದೆ. ಎಡಕ್ಕೆ ದಂಟು ಅಲ್ಲಾಡಿತು. ಗಾಳಿ ಇರಲಿಲ್ಲ. ನಾನು ಬಡಿಗೆಯನ್ನು ನೆಲಕ್ಕೆ ಬಡಿದು ಗಂಟಲು ಹರಿಯುವ ಹಾಗೆ ಕೂಗಿದೆ: "ಹುಲಿಗ್ಯೋ!" ಮತ್ತೆ ಬಡಿದೆ, ಮತ್ತೆ ಕೂಗಿದೆ. ಒಳಗೆ ಏನೋ ಗುರ್ರೆಂದು, ದಂಟು ಮುರಿಯುತ್ತ ದೂರ ಹೋಯಿತು.

"ನಿಂದರಬ್ಯಾಡ" ಎಂದರು ಹಿಂದಿನಿಂದ ಮಾವ, ಅಂಬಲಿ ಚೆಲ್ಲುತ್ತ. "ಒದರು, ಒದರು. ಕಡೀಕ ನಿನ್ನ ಬಾಯಿಗಿ ಒಂದು ಕೆಲಸ ಸಿಕ್ಕದ."