ಬಲೆದಾರದ ಬೆಲ್ಟ್

ಬೇಲೆಕೇರಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಹರಿದ ಬಲೆ ಹೆಣೆಯುತ್ತಿದ್ದರು. ದಾರ ಎಳೆದೆಳೆದು ಮಣಿಕಟ್ಟು ದಪ್ಪಗಾಗಿತ್ತು. ಯಾರಾದರೂ ನೋಡಿದರೆ, “ದುಡಿದ ಕೈ, ತಮಾ” ಎಂದು ಇನ್ನಷ್ಟು ಮುಂದೆ ಚಾಚುತ್ತಿದ್ದರು.

ಮಗಳು ಕೊಡಿಸಿದ ಸ್ಮಾರ್ಟ್‌ವಾಚಿನ ಬೆಲ್ಟ್ ಆ ಕೈಗೆ ಸಾಲಲಿಲ್ಲ. ಅಂಕೋಲಾ, ಕಾರವಾರದ ಅಂಗಡಿಗಳನ್ನೆಲ್ಲ ನಾವಿಬ್ಬರೂ ಸುತ್ತಿದೆವು. ಹೆಂಗಸರ ಬೆಲ್ಟ್ ಗಿಡ್ಡ. ಗಂಡಸರದ್ದು ಆ ವಾಚಿಗೆ ಕೂರುತ್ತಿರಲಿಲ್ಲ.

“ಲೇಡೀಸಿಗೆ ಇಷ್ಟೇ ಸೈಜ್ ಬರೂದು” ಎಂದ ಕಾರವಾರದ ಅಂಗಡಿಯವನು. ಅಕ್ಕ ವಾಚು ಎತ್ತಿಕೊಂಡು ಹೊರಬಂದರು.

ಮರುವಾರ ನೀಲಿ ಬಲೆದಾರದಲ್ಲಿ ತಾವೇ ಒತ್ತಾಗಿ ಹೆಣೆದ ಬೆಲ್ಟ್ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಅದೇ ಅಂಗಡಿಗೆ ಹೋದರು. ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿದ.

“ಅಕ್ಕಾ, ಇಂಥದ್ದು ಹತ್ತು ಮಾಡಿಕೊಡ್ತೀರಾ?”

“ಕೊಡ್ವಾ. ಆದ್ರೆ ಕಟ್ಕಳ್ಳೋರು ಬರ್ಲಿ” ಎಂದರು ಅಕ್ಕ. “ಕೈ ನೋಡ್ದೆ ನಾ ಅಳತೆ ಹೇಳೂದಿಲ್ಲ.”