ಇನ್ನೂ ಪಕ್ಕಾ ಆಗಿಲ್ರಿ
ಶಿರಹಟ್ಟಿಯ ಮರ್ದಾನಸಾಬರು ತಮ್ಮ ಯಂತ್ರವನ್ನು ಹೊಗಳುವುದಕ್ಕಿಂತ ಅದರ ಮೇಲೆ ಚಾಡಿ ಹೇಳುವುದೇ ಹೆಚ್ಚು. ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರಕ್ಕೆ ಅವರೇ ಕರೆಂಟಿನ ಮೋಟಾರು ಕೂಡಿಸಿದ್ದಾರೆ. ಕೊಳ್ಳಲು ಬಂದವರಿಗೆ ಅವರ ಮೊದಲ ಮಾತು, "ಇದಿನ್ನೂ ಪಕ್ಕಾ ಆಗಿಲ್ರಿ, ನೋಡಕೋತ ನಡಸ್ರಿ." ಅಲಗಿನ ಸುತ್ತ ಕೆಂಪು ಬಣ್ಣ ಬಳಿದು, ಓದು ಬಾರದವರಿಗೆಂದು ಕೈಯ ಚಿತ್ರ ಬರೆದಿದ್ದಾರೆ. ಕೊಂಡವರ ಮನೆಗೂ ಹೋಗಿ, ಅತ್ತೆ, ಸೊಸೆ, ಆಳುಗಳನ್ನೆಲ್ಲ ಕೂಡಿಸಿ ಅದನ್ನೇ ಹೇಳುತ್ತಾರೆ. ಹೇಳದೆ ಬಿಡುವುದು ಎಮ್ಮೆಗೊಂದೇ, ಅಷ್ಟೆ. "ಸಾಬ್ರ, ಮಾರಾಕ ಬಂದೀರೋ, ಅಂಜಸಾಕ ಬಂದೀರೋ?" ಎಂದು ಯಳವತ್ತಿಯ ಹುಚ್ಚೀರಪ್ಪ ನಕ್ಕರೆ ಸಾಬರು ನಗುವುದಿಲ್ಲ. ಎಪ್ಪತ್ತೆಂಟನೆಯ ಇಸವಿಯಲ್ಲಿ ಮೊದಲ ಯಂತ್ರ ಮಾಡಿದಾಗ ಅದಿನ್ನೂ ಅರೆಬರೆ ಎಂದು ಊರಿಗೆಲ್ಲ ಹೇಳಿದ್ದರು. ಮನೆಯವರ ಕಣ್ಣೆದುರೇ ಮಾಡಿದ್ದು, ಅವರಿಗೆ ಗೊತ್ತೇ ಇರುತ್ತದೆ ಎಂದುಕೊಂಡು ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಅವರು ಸಂತೆಗೆ ಹೋಗಿದ್ದ ದಿನ ಹೆಂಡತಿ ರಹಿಮತಬಿ ಮೇವು ಕತ್ತರಿಸಲು ಅದನ್ನು ಚಾಲೂ ಮಾಡಿದಳು; ಬಲಗೈಯ ಬೆರಳುಗಳು ಹೋದವು. ಯಾರಾದರೂ ಅದರ ಬಗ್ಗೆ ಕೇಳಿದರೆ ಆಕೆ ಇಂದಿಗೂ ಹೇಳುವುದು ಒಂದೇ: "ಅವರು ಹೇಳಿದ್ರು, ನಾನ ಕೇಳಲಿಲ್ರಿ." ಅದು ಸುಳ್ಳು ಎನ್ನಲು ಸಾಬರು ಬಾಯಿ ತೆರೆದರೆ, ಆ ಬೆರಳಿಲ್ಲದ ಕೈಯನ್ನೇ ಎತ್ತಿ ಅವರನ್ನು ಸುಮ್ಮನಾಗಿಸುತ್ತಾಳೆ.