ಅರ್ಧ ನುಂಗಿದ ಮಾತು

ತಮ್ಮ ತೀರಿಕೊಂಡ ಮೇಲೆ ಅಮ್ಮ ಹಿಂದೂಪುರದ ಮನೆ ಬಿಟ್ಟು ನನ್ನ ಜೊತೆ ಕಲ್ಯಾಣದುರ್ಗಕ್ಕೆ ಬಂದಳು. ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ನಾಲ್ಕು ದಿನ ಮಗಳ ಮನೆಯಲ್ಲಿದ್ದು ಬರಲಿ ಎಂದು ನೆಂಟರೆಲ್ಲ ಹೇಳಿದರು. ಆ ನಾಲ್ಕು ದಿನ ಹದಿನಾಲ್ಕು ತಿಂಗಳಾಯಿತು. ಅಷ್ಟು ಕಾಲವೂ ಅವಳು ಅಪ್ಪನ ಜೊತೆ ಒಂದೇ ಒಂದು ಮಾತು ಆಡಲಿಲ್ಲ.

ಅಪ್ಪ ಹುಣಸೆಹಣ್ಣಿನ ವ್ಯಾಪಾರಿ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದ. ನಮ್ಮ ಮನೆಯ ಮುಂದಿನ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಮ್ಮ ಅಡುಗೆಮನೆಯಲ್ಲೇ ಉಳಿಯುತ್ತಿದ್ದಳು. ಮಧ್ಯೆ ಹತ್ತು ಹೆಜ್ಜೆ ದೂರ. ಆ ಹತ್ತು ಹೆಜ್ಜೆ ಓಡಾಡುವ ಕೆಲಸ ನನ್ನದು.

"ಬಿ.ಪಿ. ಮಾತ್ರೆ ನುಂಗ್ತಾವ್ಳಾ, ಕೇಳು ಕಣಮ್ಮ," ಎನ್ನುತ್ತಿದ್ದ ಅಪ್ಪ.

"ನುಂಗಿದ್ರೆಷ್ಟು, ಬಿಟ್ರೆಷ್ಟು. ಮಗನ್ನ ನುಂಗ್ಕೊಂಡೋರಿಗೆ ನನ್ ಮಾತ್ರೆ ಚಿಂತೆ ಯಾಕಂತೆ, ಹೇಳು ಆವಯ್ಯಂಗೆ," ಎನ್ನುತ್ತಿದ್ದಳು ಅಮ್ಮ.

ನಾನು ಹೊರಗೆ ಬಂದು, "ದಿನಾ ನುಂಗ್ತಾಳಪ್ಪ. ನಿಂದು ಊಟ ಆಯ್ತಾ ಅಂತ ಕೇಳ್ತಾವ್ಳೆ," ಎಂದು ಹೇಳುತ್ತಿದ್ದೆ. ಅಪ್ಪ ತಲೆ ಆಡಿಸುತ್ತಿದ್ದ. ನಂಬುತ್ತಿದ್ದನೋ ಇಲ್ಲವೋ ನನಗೆ ತಿಳಿಯದು.

ಮಗ ಸತ್ತದ್ದು ಗಂಡನಿಂದ ಎಂದು ಅಮ್ಮ ಖಚಿತವಾಗಿ ನಂಬಿದ್ದಳು. ಅದಕ್ಕೆ ಕಾರಣವೂ ಇತ್ತು. ತಮ್ಮನಿಗೂ ಅಪ್ಪನಿಗೂ ಅಷ್ಟಕ್ಕಷ್ಟೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸ ಮಾಡುವವರು, ದಿನಕ್ಕೊಂದು ಜಗಳ. ಆ ಭಾನುವಾರ ಅಮ್ಮ ಲೇಪಾಕ್ಷಿಗೆ, ತನ್ನ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ತಮ್ಮ ಬೈಕಿನಲ್ಲಿ ಕಲ್ಯಾಣದುರ್ಗದ ಕಡೆ ಹೊರಟವನು ರೊದ್ದಂ ದಾಟಿದ ಮೇಲೆ ಒಂದು ತಿರುವಿನಲ್ಲಿ ಟ್ರ್ಯಾಕ್ಟರಿಗೆ ಗುದ್ದಿದ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನನ್ನು ಎಲ್ಲಿಗೆ ಕಳಿಸಿದ್ದೆ ಎಂದು ಅಮ್ಮ ಕೇಳಿದಾಗ ಅಪ್ಪ, "ವ್ಯಾಪಾರದ ಕೆಲಸಕ್ಕೆ," ಎಂದ. ಭಾನುವಾರ ಎಂಥ ವ್ಯಾಪಾರ? ಅಪ್ಪ ಬೈದು ಮನೆಯಿಂದ ಅಟ್ಟಿದ್ದಾನೆ, ಆ ಸಿಟ್ಟಿನಲ್ಲಿ ಹುಡುಗ ಗಾಡಿ ಓಡಿಸಿದ್ದಾನೆ ಎಂದು ಅಮ್ಮ ತೀರ್ಮಾನಿಸಿಬಿಟ್ಟಳು.

ನಿಜ ಏನೆಂದು ಅಪ್ಪನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ನನ್ನ ಟೀಚರ್ ಕೆಲಸಕ್ಕೆ ಸರ್ಟಿಫಿಕೇಟುಗಳ ಪರಿಶೀಲನೆ ಇತ್ತು. ಡಿಗ್ರಿಯ ಅಸಲು ಪ್ರತಿ ತವರಿನ ಬೀರುವಿನಲ್ಲೇ ಉಳಿದಿತ್ತು. ನಾನು ಗಾಬರಿಯಿಂದ ಅಪ್ಪನಿಗೆ ಫೋನ್ ಮಾಡಿದೆ. "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಾನೇ ತತ್ತೀನಿ ಬಿಡು," ಎಂದ ಅಪ್ಪ. "ಬಸ್ಸು ತಡ ಆದ್ರೆ ನನ್ನ ಕೆಲಸ ಹೋಗ್ತದೆ. ಅವನ್ನ ಬೈಕಲ್ಲಿ ಇವತ್ತೇ ಕಳ್ಸಪ್ಪ," ಎಂದೆ ನಾನು. ಅಪ್ಪ ಸರಿ ಎಂದ.

ಪೊಲೀಸರು ಅಪ್ಪನ ಕೈಗೆ ಕೊಟ್ಟ ತಮ್ಮನ ಬ್ಯಾಗಿನಲ್ಲಿ ಸರ್ಟಿಫಿಕೇಟುಗಳು ಕವರಿನೊಳಗೆ ಹಾಗೆಯೇ ಇದ್ದವು. ಮನೆಯಲ್ಲಿ ಸಾವಾಗಿದೆ ಎಂದು ಆಫೀಸಿನವರು ನನಗೆ ಇನ್ನೊಂದು ದಿನ ಕೊಟ್ಟರು. ಅವೇ ಕಾಗದ ತೋರಿಸಿ ಕೆಲಸಕ್ಕೆ ಸೇರಿದೆ. ಇಂದಿಗೂ ಅದೇ ಕೆಲಸದಲ್ಲಿದ್ದೇನೆ.

ಮಗಳ ಹೆಸರು ಹೇಳಬಾರದೆಂದು ಅಪ್ಪ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ. ನಾನು ಹಾಕಿಕೊಳ್ಳಲು ಬಿಟ್ಟೆ. ಮೊದಲ ವಾರ ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ ಒಂದೊಂದು ದಿನ ಕಳೆದಂತೆಲ್ಲ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಅಮ್ಮನ ನಿದ್ದೆ ಕೆಟ್ಟಿತು, ಊಟ ಕಡಿಮೆಯಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಎರಡು ಸಲ ಮಾತ್ರೆ ಬದಲಿಸಿ, ಮೂರನೆಯ ಸಲ, "ಇದು ಮಾತ್ರೆಗೆ ಬಗ್ಗೋದಲ್ಲ, ಬುಧವಾರ ಕೌನ್ಸೆಲಿಂಗ್ ಮೇಡಂ ಬರ್ತಾರೆ, ತೋರಿಸಿ," ಎಂದರು. ಅಮ್ಮ ರೇಗಿದಳು. "ನಂಗೇನು ಹುಚ್ಚು ಹಿಡಿದೈತಾ?" ನನ್ನ ಗಂಡ ಸಮಾಧಾನ ಹೇಳಿ ಒಪ್ಪಿಸಿದರು.

ಕೌನ್ಸೆಲರ್ ಐವತ್ತು ದಾಟಿದ ಹೆಂಗಸು, ಕರಾವಳಿ ಆಂಧ್ರದ ಕಡೆಯವರು. ಕನ್ನಡ ಒಂದಕ್ಷರ ಬಾರದು. ಆಂಧ್ರದ ಗಡಿಯೂರಲ್ಲಿ ಬಾಳಿದ ಅಮ್ಮನಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು. ಮಗನ ಸಾವಿನ ಮಾತು ಬಂದರೆ ಮಾತ್ರ ಅವಳಿಗೆ ಕನ್ನಡವಲ್ಲದೆ ಇನ್ನೊಂದು ಹೊರಡುತ್ತಿರಲಿಲ್ಲ. ಹೀಗಾಗಿ ನಾನು ಮಧ್ಯೆ ಕುಳಿತು ತೆಲುಗಿನಲ್ಲಿ ಹೇಳತೊಡಗಿದೆ. ಆ ದಿನ ಮೇಡಂ ಅಮ್ಮನದೇ ಕತೆ ಕೇಳಿ, ಮುಂದಿನ ಬುಧವಾರ ನಿಮ್ಮ ತಂದೆಯೂ ಬರಲಿ ಎಂದರು.

ಅಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಮದುವೆಗೆ ಹೊರಟವನ ಹಾಗೆ. ಚಿಕ್ಕ ಕೋಣೆ, ನಾಲ್ಕು ಕುರ್ಚಿ, ಕಿರ್ ಎನ್ನುವ ಫ್ಯಾನು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲೇ ಇಲ್ಲ. ಮದುವೆಯಾದಾಗಿನಿಂದ ಗಂಡ ತನ್ನ ಮಾತು ಕೇಳಿದವನಲ್ಲ ಎಂಬುದರಿಂದ ಹಿಡಿದು, ಮಗನನ್ನು ಆಳಿಗಿಂತ ಕಡೆಯಾಗಿ ನಡೆಸಿಕೊಂಡದ್ದು, ಆಸ್ಪತ್ರೆಯಲ್ಲಿ ಮುಖ ನೋಡಲು ತನ್ನನ್ನು ತಡವಾಗಿ ಕರೆಸಿದ್ದು, ಎಲ್ಲ ಹೇಳಿದಳು. ಅವಳು ನಿಲ್ಲಿಸಿದಾಗ ನಾನು ಮೇಡಂ ಕಡೆ ತಿರುಗಿ, ಅಮ್ಮನಿಗೆ ತುಂಬ ನೋವಾಗಿದೆ, ಅಪ್ಪ ಮನೆಯಲ್ಲಿ ಹೆಚ್ಚು ಮಾತಾಡುವವರಲ್ಲ ಎಂದಷ್ಟೇ ತೆಲುಗಿನಲ್ಲಿ ಹೇಳಿದೆ.

ಮೇಡಂ ನನ್ನನ್ನೇ ನೋಡಿದರು. "ಆಮೆ ಇಂತಸೇಪು ಮಾಟ್ಲಾಡಿತೇ ನುವ್ವು ರೆಂಡು ಮುಕ್ಕಲೇ ಚೆಪ್ತಾವೇಂಟಮ್ಮಾ?" ಅವರು ಇಷ್ಟು ಹೊತ್ತು ಮಾತಾಡಿದರೆ ನೀನು ಎರಡೇ ಮಾತು ಹೇಳುತ್ತೀಯಲ್ಲ ಎಂದು ಕೇಳಿದರು.

ಅಮ್ಮ ಗೋಡೆಯ ಕಡೆಯಿಂದಲೇ ಹೇಳಿದಳು: "ಇವ್ಳು ಯಾವಾಗ್ಲೂ ಹಂಗೇಯ. ಅರ್ಧ ನುಂಗ್ಬುಡ್ತಾಳೆ. ನಂಗೇನು ಗೊತ್ತಾಗಲ್ಲ ಅಂದ್ಕೊಂಡವ್ಳೆ."

ಅಪ್ಪನೂ ನೆಲ ನೋಡುತ್ತ ನಿಧಾನವಾಗಿ, "ಹೂಂ," ಎಂದ. ಹದಿನಾಲ್ಕು ತಿಂಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮೇಡಂ ನನ್ನ ಕುರ್ಚಿಯನ್ನು ಹಿಂದಕ್ಕೆ, ಬಾಗಿಲ ಪಕ್ಕಕ್ಕೆ ಹಾಕಿಸಿದರು. ಇನ್ನು ಮೇಲೆ ಇವರಿಬ್ಬರ ಮಾತು ನೀನು ಹೊರಬೇಡ, ಇಲ್ಲಿಯೂ ಬೇಡ, ಮನೆಯಲ್ಲಿಯೂ ಬೇಡ ಎಂದರು. ಅಮ್ಮ ನೇರವಾಗಿ ಗಂಡನನ್ನೇ ಕೇಳಲಿ, ಕನ್ನಡದಲ್ಲೇ ಕೇಳಲಿ, ತಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅವರಿಗೆ ಅರ್ಥವಾದರೆ ಸಾಕು ಎಂದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಅಷ್ಟೇ ನಿಯಮ.

ಅಮ್ಮ ಕುರ್ಚಿ ತಿರುಗಿಸಿಕೊಂಡಳು. ಗಂಡನನ್ನು ಎಂದೂ ಏಕವಚನದಲ್ಲಿ ಮಾತಾಡಿಸದವಳು, "ಅವನ್ನ ಯಾಕೆ ಕಳಿಸ್ದೆ? ಅದೊಂದು ಹೇಳು," ಎಂದಳು.

"ವ್ಯಾಪಾರದ..."

"ಭಾನುವಾರ ಮಂಡಿ ಬಾಗ್ಲು ತೆಗೆಯಲ್ಲ. ನಂಗೆ ಅಷ್ಟೂ ಗೊತ್ತಿಲ್ವಾ? ಏನಂತ ಬೈದೆ ಅವನ್ನ? ಏನಂದು ಅಟ್ಟಿದೆ?"

"ಬೈಲಿಲ್ಲ ಕಣೆ. ದೇವ್ರಾಣೆ ಬೈಲಿಲ್ಲ. ನಗ್ತಾನೇ ಹೋದ."

"ಮತ್ತೆ ಯಾಕೆ ಹೋದ?"

ಅಪ್ಪ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅವನು ಆಗಲೂ ನನ್ನನ್ನು ಕಾಪಾಡುತ್ತಿದ್ದಾನೆ ಎಂದು ಕಂಡಾಗ ತಡೆಯಲಾಗಲಿಲ್ಲ. "ನಾನು ಫೋನ್ ಮಾಡಿದ್ದೆ ಅಮ್ಮ," ಎಂದೆ. "ಸರ್ಟಿಫಿಕೇಟು ಬೇಕಿತ್ತು. ಅಪ್ಪ ಬೆಳಿಗ್ಗೆ ಬಸ್ಸಿಗೆ ತತ್ತೀನಿ ಅಂದ. ನಾನೇ ಅವನ್ನ ಬೈಕಲ್ಲಿ ಕಳ್ಸು ಅಂದೆ."

ಅಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ನನ್ನನ್ನು ಗುರುತು ಸಿಗದವಳನ್ನು ನೋಡುವ ಹಾಗೆ ನೋಡಿದಳು.

"ಹದಿನಾಲ್ಕು ತಿಂಗ್ಳು ನಿನ್ ಕೈಯಾಗ್ಲ ಅನ್ನ ಉಂಡ್ನಲ್ಲೇ," ಎಂದಳು. "ನಿನ್ ಮುಂದೇನೆ ಈವಯ್ಯನ್ನ ದಿನಾ ಶಾಪ ಹಾಕ್ದೆ. ಕೇಳ್ಕೊಂಡು ಸುಮ್ಕಿದ್ದೆಯಲ್ಲ."

ಎದ್ದಳು. ಮೇಡಂ ಕೂರಿಸಲು ನೋಡಿದರು, ಕೇಳಲಿಲ್ಲ. ಅಪ್ಪನ ಕಡೆ ತಿರುಗಿ, "ಬಸ್ಸು ಎಷ್ಟು ಹೊತ್ತಿಗೈತೆ?" ಎಂದಳು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹಿಂದೂಪುರಕ್ಕೆ ಹೊರಟುಹೋದರು. ಅವಳ ಸೀರೆಗಳನ್ನು ಮರುವಾರ ನನ್ನ ಗಂಡ ತಲುಪಿಸಿ ಬಂದರು.

ಅಪ್ಪ ಅಮ್ಮ ಒಂದಾದರು ಎಂದು ನೆಂಟರು ಸಂತೋಷಪಟ್ಟರು. ನನ್ನ ಮನೆಯ ಅಡುಗೆಮನೆ ಬರಿದಾಯಿತು. ಶಾಲೆಯಲ್ಲಿ ಹಾಜರಿ ಕೂಗುವಾಗ ಹೆಸರುಗಳನ್ನು ಬಿಟ್ಟುಬಿಡುತ್ತಿದ್ದೆ. ಅಮ್ಮ ಫೋನ್ ಎತ್ತುತ್ತಿರಲಿಲ್ಲ. ಒಂದು ಬುಧವಾರ ನಾನೊಬ್ಬಳೇ ಹೋಗಿ ಮೇಡಂ ಮೇಲೆ ಎಗರಾಡಿದೆ. ನೆಟ್ಟಗಿದ್ದ ಮನೆ ಒಡೆದುಬಿಟ್ಟಿರಿ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, ನೆಟ್ಟಗಿತ್ತಾ ಎಂದಷ್ಟೇ ಕೇಳಿದರು. ನಾನು ಅತ್ತೆ. ತಮ್ಮ ಸತ್ತ ಮೇಲೆ ಯಾರ ಎದುರಿಗಾದರೂ ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಅಮ್ಮನನ್ನು ನೋಡಿಕೊಳ್ಳುವುದೇ ನನ್ನ ಕೆಲಸ ಎಂದು ಅಳುವುದಕ್ಕೂ ಹೋಗಿರಲಿಲ್ಲ.

ಅನೇಕ ಬುಧವಾರ ಹೋದೆ. ಅವರು ಹೇಳಿದ್ದು ಹೆಚ್ಚಿಲ್ಲ. ಅಪ್ಪನ ಕೈಯಲ್ಲಿ ಕ್ಷಮೆ ಕೇಳಿ ಕಳಿಸಬೇಡ, ಕೇಳುವುದಿದ್ದರೆ ನೀನೇ ಕೇಳು. ಕೋಪ ಇರುವಷ್ಟು ದಿನ ಇರಲಿ, ಅವಸರ ಮಾಡಬೇಡ. ಅಷ್ಟರಲ್ಲಿ ಅಪ್ಪ ಫೋನ್ ಮಾಡಿ, "ನಿಮ್ಮಮ್ಮ ಈಗ ಸಿಟ್ಟು ಇಳಿಸ್ಕೊಂಡವ್ಳೆ, ನಿನ್ನ ಕೇಳ್ತಿದ್ಳು ಕಣಮ್ಮ," ಎನ್ನತೊಡಗಿದ್ದ. ಅದು ಸುಳ್ಳೆಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. "ಬೇಡಪ್ಪ," ಎಂದೆ. "ಅವಳೇ ಹೇಳ್ಲಿ, ಬೈದ್ರೂ ಅವಳೇ ಬೈಲಿ."

ಐದು ತಿಂಗಳ ಮೇಲೆ ಒಂದು ಬುಧವಾರ ಇಬ್ಬರೂ ಆಸ್ಪತ್ರೆಗೆ ಬಂದರು. ಅಮ್ಮನೇ ಹೊರಡಿಸಿದ್ದಂತೆ. ಬಂದವಳು ನನ್ನ ಎದುರಿಗೆ ಕುಳಿತು ಹೇಳಿದಳು: "ಬೈಕಲ್ಲಿ ಕಳ್ಸು ಅಂದೋಳು ನೀನು. ಸರಿ ಅಂದೋರು ಇವ್ರು. ಹೆಲ್ಮೆಟ್ಟು ಮೊಳೆಗೆ ನೇತಾಕಿ ಹೋದೋನು ಅವ್ನು. ನಾನು ಲೇಪಾಕ್ಷೀಲಿ ಕುಂತ್ಕೊಂಡು ಹೋಳಿಗೆ ತಿಂತಿದ್ದೆ. ಯಾರ್ನ ಅಂತ ಬೈಲಿ? ಆದ್ರೂ ನಿನ್ ಮೇಲೆ ಸಿಟ್ಟೈತೆ. ಹೋಗಿಲ್ಲ. ಹೋಗೈತೆ ಅಂತ ಸುಳ್ಳು ಹೇಳಾಕೆ ಬರಲ್ಲ ನಂಗೆ."

"ಇರ್ಲಿ ಅಮ್ಮ. ನನ್ನಿಂದ ತಪ್ಪಾಯ್ತು," ಎಂದೆ. ಅವಳು ಹೂಂ ಎನ್ನಲಿಲ್ಲ, ಎದ್ದೂ ಹೋಗಲಿಲ್ಲ. ಮೇಡಂಗೆ ಒಂದು ಮಾತೂ ಅರ್ಥವಾಗಿರಲಿಕ್ಕಿಲ್ಲ. ನೀರಿನ ಲೋಟ ಅವಳ ಕಡೆ ಸರಿಸಿದರು.

ಅದಾಗಿ ಈಗ ಎರಡು ವರ್ಷವಾಗಿದೆ. ಅಮ್ಮ ನಮ್ಮ ಮನೆಗೆ ಬರುವುದಿಲ್ಲ. ತಿಂಗಳಿಗೊಮ್ಮೆ ನಾನೇ ಹೋಗುತ್ತೇನೆ. ಅವರಿಬ್ಬರೂ ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ನನ್ನ ಜೊತೆ ಅಮ್ಮ ಕೆಲವು ಸಲ ಚೆನ್ನಾಗಿರುತ್ತಾಳೆ, ಕೆಲವು ಸಲ, "ಇವತ್ತು ನಿನ್ ಮುಖ ನೋಡಾಕೆ ಆಯ್ತಿಲ್ಲ, ಆಚೆ ಹೋಗು," ಎನ್ನುತ್ತಾಳೆ. ಹೋಗಿ ಅಪ್ಪನ ಪಕ್ಕ ಕೂರುತ್ತೇನೆ.

ಕಳೆದ ಸಲ ಹೋದಾಗ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದವಳು, ತಲೆ ಎತ್ತದೆ ಕೇಳಿದಳು: "ಹೊರಡೋಕೆ ಮುಂಚೆ ನಿಂಗೆ ಫೋನ್ ಮಾಡಿದ್ನಾ ಅವ್ನು?"

"ಮಾಡಿದ್ದ."

"ಏನಂದ?"

"'ಅಕ್ಕಾ, ಚಿತ್ರಾನ್ನ ಮಾಡಿಟ್ಟಿರು, ಬತ್ತೀನಿ' ಅಂದ."

ಅವಳ ಕೈ ನಿಂತಿತು. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಧ್ವನಿ ಹೇಗಿತ್ತು, ನಗುತ್ತಿದ್ದನಾ ಎಂದು ಕೇಳಿದಳು. ಅವಸರದಲ್ಲಿದ್ದ, ನಕ್ಕದ್ದು ನೆನಪಿಲ್ಲ ಎಂದೆ. ನಗುತ್ತಿದ್ದ ಎನ್ನಬಹುದಿತ್ತು.

"ಮಾಡಿದ್ಯಾ ಚಿತ್ರಾನ್ನ?"

"ಮಾಡಿದ್ದೆ ಅಮ್ಮ."

ಅವಳು ಮತ್ತೆ ಹಣ್ಣು ಕೈಗೆತ್ತಿಕೊಂಡಳು. ನಾನೂ ಒಂದು ಹಿಡಿ ನನ್ನ ಕಡೆ ಎಳೆದುಕೊಂಡೆ.